ಒಣನಾಡಿನ ಕಸದ ಬೆಟ್ಟಕ್ಕೆ ಎಂಥ ಹೊದಿಕೆ? ಜೇಡಿಯೋ, ಪ್ಲಾಸ್ಟಿಕ್ಕೋ, ಹುಲ್ಲು ಬೆಳೆದ ಮಣ್ಣೋ

ಹೈದರಾಬಾದಿನ ಜವಾಹರ್‌ನಗರದ ಕಸದ ಬೆಟ್ಟಕ್ಕೆ ಹೊದಿಕೆ ಹಾಕಿ ಮುಚ್ಚಿದರು. ದೆಹಲಿಯ ಭಲಸ್ವಾದಲ್ಲಿ ಅಂಥದೇ ಬೆಟ್ಟವನ್ನು ಅಗೆದು, ಜರಡಿ ಹಿಡಿದು ಕರಗಿಸಲು ಹೊರಟರು. ಸ್ವಚ್ಛ ಭಾರತ ಮಿಷನ್ನಿನ ಎರಡನೇ ಹಂತ 2021ರಲ್ಲಿ ಶುರುವಾದ ಮೇಲೆ ಅಗೆದು ಕರಗಿಸುವ ‘ಬಯೋಮೈನಿಂಗ್’, ಹೊದಿಸಿ ಮುಚ್ಚುವ ‘ಕ್ಯಾಪಿಂಗ್’ ಎಂಬ ಎರಡು ಮಾತು ಪತ್ರಿಕೆಗಳಲ್ಲಿ ಜೊತೆಜೊತೆಗೇ ಬರುತ್ತಿವೆ. ಇದರ ನಡುವೆ, ಅಮೆರಿಕದ ಒಣ ರಾಜ್ಯಗಳಲ್ಲಿ ಜೇಡಿಯ ಪದರವನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಬಿಟ್ಟು, ಬರೀ ಮಣ್ಣು ಸುರಿದು ಹುಲ್ಲು ಬೆಳೆಸಿ ಕಸ ತುಂಬಿದ ಲ್ಯಾಂಡ್‌ಫಿಲ್ ಮುಚ್ಚಲು ಒಪ್ಪಿಗೆ ಕೊಡುತ್ತಾರೆ ಎಂದು ಓದಿದವರಿಗೆ ಗೊಂದಲವಾಗುವುದು ಸಹಜ. ಖರ್ಚು ಉಳಿಸಲು ನಿಯಮ ಸಡಿಲ ಮಾಡಿದರೇ, ಅಥವಾ ಒಣನಾಡಿಗೆ ಇದೇ ಸರಿಯೇ?

ಬಯೋಮೈನಿಂಗ್ ಮಾಡಿದರೂ ಈ ಪ್ರಶ್ನೆ ತಪ್ಪುವುದಿಲ್ಲ. ಜರಡಿ ಹಿಡಿದ ಮೇಲೆ ಉಳಿಯುವ, ಯಾವುದಕ್ಕೂ ಬಾರದ ಕಸ ಕೊನೆಗೆ ತಳಕ್ಕೆ ಹಾಸು ಹಾಕಿದ ವೈಜ್ಞಾನಿಕ ಲ್ಯಾಂಡ್‌ಫಿಲ್‌ಗೇ ಹೋಗಬೇಕು. ಆ ಲ್ಯಾಂಡ್‌ಫಿಲ್ ಒಂದು ದಿನ ತುಂಬುತ್ತದೆ, ಅದನ್ನೂ ಮುಚ್ಚಬೇಕು.

ಹೊದಿಕೆಯಿಂದ ಏನಾಗಬೇಕು

ಕಸ ಗಾಳಿಗೆ ಹಾರದಂತೆ, ನಾಯಿ ಕೆದಕದಂತೆ, ನೊಣ ಮುತ್ತದಂತೆ ತಡೆಯುವುದು ಯಾವ ಮಣ್ಣಿನಿಂದಲೂ ಆಗುತ್ತದೆ. ಕಷ್ಟದ ಕೆಲಸ ನೀರಿನದು. ಮಳೆನೀರು ಕಸದೊಳಗೆ ಇಳಿದರೆ ಅಲ್ಲಿಯ ಲವಣ, ಲೋಹ, ಅಮೋನಿಯಾ, ಕೊಳೆತ ಸಾವಯವ ಅಂಶಗಳನ್ನು ಕರಗಿಸಿಕೊಂಡು ಲೀಚೇಟ್ ಆಗಿ ತಳಕ್ಕೆ ಬರುತ್ತದೆ. ತಳದ ಹಾಸು ತೂತಾಗಿದ್ದರೆ, ಅಥವಾ ನಮ್ಮ ಹಳೇ ಗುಂಡಿಗಳಂತೆ ಹಾಸೇ ಇಲ್ಲದಿದ್ದರೆ, ಅಂತರ್ಜಲಕ್ಕೆ ಸೇರುತ್ತದೆ.

ಹೊದಿಕೆ ದಾಟಿ ಕೆಳಗಿಳಿಯುವ ನೀರನ್ನು ವರ್ಷಕ್ಕೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಎಂದರೆ 10,000 ಲೀಟರ್, ಹೆಚ್ಚುಕಡಿಮೆ ಒಂದು ದೊಡ್ಡ ಟ್ಯಾಂಕರ್ ನೀರು. ಇಪ್ಪತ್ತು ಹೆಕ್ಟೇರಿನ ಲ್ಯಾಂಡ್‌ಫಿಲ್‌ನಲ್ಲಿ ವರ್ಷಕ್ಕೆ 30 ಮಿ.ಮೀ. ಇಳಿದರೆ 600 ಟ್ಯಾಂಕರ್. ಮುಂದೆ ಬರುವ ಅಂಕಿಗಳನ್ನು ಓದುವಾಗ ಈ ಟ್ಯಾಂಕರಿನ ಲೆಕ್ಕ ನೆನಪಿರಲಿ.

ಕೋಟಿಯಲ್ಲಿ ಒಂದು ಭಾಗ

ಭಾರತದಲ್ಲಿ 2000ದ ನಿಯಮ ಹೇಳಿದ್ದೂ 2016ರ ಘನತ್ಯಾಜ್ಯ ನಿಯಮದ ಅನುಬಂಧ ಹೇಳಿದ್ದೂ ಒಂದೇ ರಚನೆ: ಕೆಳಗೆ 60 ಸೆಂ.ಮೀ. ಜೇಡಿ ಅಥವಾ ತಿದ್ದಿದ ಮಣ್ಣು, ಅದರ ಮೇಲೆ ನೀರು ಪಕ್ಕಕ್ಕೆ ಹರಿದುಹೋಗಲು 15 ಸೆಂ.ಮೀ. ಪದರ, ಮೇಲೆ ಗಿಡ ಬೆಳೆಯಲು 45 ಸೆಂ.ಮೀ. ಮಣ್ಣು. ಜೇಡಿಯ ಮೂಲಕ ನೀರಿಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬೇಕು.

ಕೇಳಲು ಬಹಳ ಬಿಗಿಯಾದ ಮಿತಿ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡುಗಳು. ಜೇಡಿ ವರ್ಷವಿಡೀ ನೆನೆದೇ ಇದ್ದು ನೀರು ತನ್ನ ಭಾರಕ್ಕೆ ತಾನು ಇಳಿದರೆ 3.15 ಸೆಂ.ಮೀ., ಅಂದರೆ 31 ಮಿ.ಮೀ. ಚಿಲ್ಲರೆ. ಅಷ್ಟೂ ನೀರು ಇಳಿದರೂ ನಿಯಮ ಮುರಿದಂತಾಗುವುದಿಲ್ಲ.

ಅಮೆರಿಕದಲ್ಲಿ ಊರ ಕಸದ ಲ್ಯಾಂಡ್‌ಫಿಲ್‌ಗಿರುವ ಕನಿಷ್ಠ ಷರತ್ತು ಇನ್ನೂ ಸಡಿಲ. ತಳದಲ್ಲಿ ಪ್ಲಾಸ್ಟಿಕ್ ಹಾಸಿಲ್ಲದ ಹಳೇ ಗುಂಡಿಗೆ 45 ಸೆಂ.ಮೀ. ಮಣ್ಣು, ಮೇಲೆ 15 ಸೆಂ.ಮೀ. ಮೇಲ್ಮಣ್ಣು ಸಾಕು, ವೇಗದ ಮಿತಿ ಲಕ್ಷದಲ್ಲಿ ಒಂದು ಭಾಗ. ಅದೇ ಲೆಕ್ಕ ಮಾಡಿದರೆ ವರ್ಷಕ್ಕೆ 3 ಮೀಟರಿಗೂ ಹೆಚ್ಚು ನೀರು ಇಳಿಯಬಹುದು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ವರ್ಷದ ಮಳೆಯೇ 220 ಮಿ.ಮೀ. ಆಸುಪಾಸು. ಅಲ್ಲಿ ಆ ಮಿತಿ ಏನನ್ನೂ ತಡೆಯುವುದಿಲ್ಲ. ಒಣನಾಡಿನಲ್ಲಿ ನೀರು ಕೆಳಗಿಳಿಯುತ್ತದೋ ಇಲ್ಲವೋ ಎಂಬುದು ನೆನೆದ ಮಣ್ಣಿನ ವೇಗಕ್ಕಿಂತ ಹೆಚ್ಚಾಗಿ ಬೇರೆ ಎರಡು ವಿಷಯಗಳ ಮೇಲೆ ನಿಂತಿದೆ: ಮಣ್ಣು ಎಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲು ಮತ್ತು ಬೇರು ಅದನ್ನು ಎಷ್ಟು ಬೇಗ ಹಿಂದಕ್ಕೆ ಎಳೆಯುತ್ತವೆ. ನಿಯಮದ ಸಂಖ್ಯೆಯಲ್ಲಿ ಇವೆರಡಕ್ಕೂ ಜಾಗವಿಲ್ಲ.

ಜೇಡಿ ಬಿರಿಯುವುದೇಕೆ

ಆ ಬಿಗಿ ಮಿತಿ ಮುಟ್ಟಬೇಕಾದರೆ ಜೇಡಿಯನ್ನು ತುಸು ಹೆಚ್ಚು ತೇವದಲ್ಲೇ ಹಾಕಿ ರೋಲರ್ ಹೊಡೆಯಬೇಕು. ಒಣಗಿದ ಹೆಂಟೆಗಳು ಹಾಗೇ ಉಳಿದರೆ ನಡುವೆ ಸಂದು ಬಿಡುತ್ತದೆ. ತೇವದಲ್ಲಿ ಹೆಂಟೆ ಮೆತ್ತಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ತೇವದಲ್ಲಿ ಹಾಕಿದ ಜೇಡಿ ಒಣಗಿದಾಗ ಹೆಚ್ಚು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಮತ್ತೆ ಮಳೆ ಬಂದರೆ ಬಿರುಕು ಕೂಡಿಕೊಳ್ಳುತ್ತದಲ್ಲ ಎಂದು ಕೇಳಬಹುದು. ಪೂರ್ತಿ ಕೂಡಿಕೊಳ್ಳಲು ಮೇಲಿನಿಂದ ಕೆಲವು ಮೀಟರ್ ಮಣ್ಣಿನ ಭಾರ ಬೇಕು, ಹೊದಿಕೆಯಲ್ಲಿ ಇರುವುದು ಅರ್ಧ ಮೀಟರ್ ಚಿಲ್ಲರೆ ಮಾತ್ರ. ಮೇಲುಮೇಲೆ ಮುಚ್ಚಿದ ಬಿರುಕಿನೊಳಗೆ ಬೇರು ಇಳಿಯುತ್ತದೆ, ಬೇರು ಇಳಿದಲ್ಲಿ ಜೇಡಿ ಇನ್ನಷ್ಟು ಒಣಗುತ್ತದೆ.

ಇದು ಬರೀ ತರ್ಕವಲ್ಲ, ಅಳೆದು ನೋಡಿದ್ದು. ಜರ್ಮನಿಯ ಹ್ಯಾಂಬರ್ಗ್‌ನ ಜಾರ್ಜ್ಸ್‌ವೆರ್ಡರ್ ಕಸದ ಬೆಟ್ಟದ ಮೇಲೆ ಕಟ್ಟಿದ ಪ್ರಯೋಗದ ಪಟ್ಟಿಗಳಲ್ಲಿ 1992ರ ಒಣ ಬೇಸಿಗೆ ಕಳೆದ ಮೇಲೆ ಜೇಡಿಯ ಸೋರಿಕೆ ಏರುತ್ತಾ ಹೋಯಿತು. ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ಚೆನ್ನಾಗಿ ಮಳೆ ಬೀಳುತ್ತದೆ. ಅಲ್ಲಿಯೂ 2000ನೇ ಇಸವಿಯಲ್ಲಿ ಆರು ವಾರಗಳಷ್ಟು ಕಾಲ ಮಳೆ ಕೈಕೊಟ್ಟದ್ದೇ ಸಾಕಾಯಿತು. ಜೇಡಿ ಬಿರಿಯಿತು, ನಂತರದ ಮಳೆಗೆ ನೀರು ನೇರ ಕೆಳಗಿಳಿಯಿತು. ಸುಮಾರು ನಾಲ್ಕು ವರ್ಷಗಳ ಬಳಿಕ ಅಗೆದು ನೋಡಿದಾಗ ನೀರಿಳಿಯುವ ವೇಗ ಮೊದಲಿಗಿಂತ ಸಾವಿರ ಪಟ್ಟಿನಷ್ಟು ಹೆಚ್ಚಿತ್ತು. ಮಳೆನಾಡಿನ ಜೇಡಿಯೇ ಹೀಗಾದರೆ, ವರ್ಷದ ಎಂಟು ತಿಂಗಳು ಒಣಗಿರುವ ಕಡೆ ಅದು ಹಸಿಯಾಗಿ ಉಳಿಯುತ್ತದೆಂದು ನಂಬುವುದು ಕಷ್ಟ.

ಹಿಡಿದಿಟ್ಟು ಬಿಡುವ ಮಣ್ಣು

ಹುಲ್ಲು ಬೆಳೆದ ಮಣ್ಣಿನ ಪರ್ಯಾಯ ಹೊದಿಕೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ತನ್ನೊಳಗೆ ಹಿಡಿದಿಟ್ಟುಕೊಂಡು, ಒಣ ತಿಂಗಳುಗಳಲ್ಲಿ ಬಿಸಿಲಿಗೂ ಗಿಡದ ಬೇರಿಗೂ ಬಿಟ್ಟುಕೊಡುತ್ತದೆ. ಮುಂದಿನ ಮಳೆಗೆ ಮತ್ತೆ ಖಾಲಿ.

ದಪ್ಪದ ಮೊದಲ ಅಂದಾಜು ಸರಳ. ಗೋಡುಮಣ್ಣು ನೀರು ಬಸಿದುಹೋದ ಮೇಲೆ ತನ್ನ ಗಾತ್ರದ 30 ಶೇಕಡಾ ನೀರು ಉಳಿಸಿಕೊಳ್ಳುತ್ತದೆ, ಗಿಡ ಬಾಡುವ ಹಂತದಲ್ಲಿ 10 ಶೇಕಡಾ ಉಳಿದಿರುತ್ತದೆ ಎಂದುಕೊಳ್ಳಿ. ನಡುವಿನ 20 ಶೇಕಡಾ ನಮ್ಮ ಕೈಗೆ ಸಿಗುವ ಜಾಗ. 90 ಸೆಂ.ಮೀ. ದಪ್ಪಕ್ಕೆ 180 ಮಿ.ಮೀ. ಅತಿ ಹೆಚ್ಚು ಮಳೆಯಾದ ವರ್ಷದಲ್ಲಿ, ಹರಿದುಹೋದದ್ದು ಮತ್ತು ಆವಿಯಾದದ್ದು ಕಳೆದು, ಮಣ್ಣಿನಲ್ಲಿ ಶೇಖರವಾಗುವ ನೀರು ಇದಕ್ಕಿಂತ ಕಡಿಮೆ ಇದ್ದರೆ ಹೊದಿಕೆ ತಡೆಯುತ್ತದೆ. ಮರಳುಮಣ್ಣಾದರೆ ಆ 20 ಶೇಕಡಾ ಅರ್ಧಕ್ಕಿಳಿಯುತ್ತದೆ, ದಪ್ಪ ಎರಡರಷ್ಟು ಬೇಕಾಗುತ್ತದೆ.

ಇದರಲ್ಲೇ ಇನ್ನೊಂದು ಬಗೆಯುಂಟು. ನುಣುಪು ಮಣ್ಣಿನ ಕೆಳಗೆ ದಪ್ಪ ಮರಳನ್ನೋ ಜಲ್ಲಿಯನ್ನೋ ಹಾಕುತ್ತಾರೆ. ಜಲ್ಲಿ ಹಾಕಿದರೆ ನೀರು ಬೇಗ ಇಳಿದುಹೋಗುತ್ತದೆ ಎಂದು ನಮಗೆ ತೋರುತ್ತದೆ. ಆಗುವುದು ಉಲ್ಟಾ. ನುಣುಪು ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹೀರಿಟ್ಟುಕೊಂಡಿರುತ್ತವೆ, ಜಲ್ಲಿಯ ದೊಡ್ಡ ರಂಧ್ರಗಳಿಗೆ ಅದನ್ನು ಎಳೆದುಕೊಳ್ಳುವ ಬಲವಿಲ್ಲ. ಮೇಲಿನ ಮಣ್ಣು ಬಹುತೇಕ ನೆನೆದು ತುಂಬುವವರೆಗೂ ನೀರು ಗಡಿಯಲ್ಲೇ ನಿಲ್ಲುತ್ತದೆ. ಆದರೆ ಒಮ್ಮೆ ತುಂಬಿದರೆ ಒಟ್ಟಿಗೇ ನುಗ್ಗುತ್ತದೆ. ಮಣ್ಣಿನ ಹುಡಿ ಜಲ್ಲಿಯ ಸಂದಿಗೆ ಇಳಿದರೂ, ಕೆಳಗಿನ ಕಸ ಒಂದು ಕಡೆ ಕುಸಿದು ಗಡಿ ಓರೆಯಾದರೂ ಈ ತಡೆ ಹೋದಂತೆಯೇ.

ಆಲ್ಬುಕರ್ಕಿಯ ಆರು ಪಟ್ಟಿಗಳು

ಹೇಳಿಕೆಗೆ ಎದುರು ಹೇಳಿಕೆ ಇನ್ನು ಸಾಕು, ಅಳೆದೇ ನೋಡೋಣವೆಂದು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ಆಲ್ಬುಕರ್ಕಿಯಲ್ಲಿ 1995 ಮತ್ತು 1996ರಲ್ಲಿ ಆರು ಹೊದಿಕೆಗಳನ್ನು ಅಕ್ಕಪಕ್ಕ ಕಟ್ಟಿತು. ಒಂದೊಂದು ಪಟ್ಟಿ 13 ಮೀಟರ್ ಅಗಲ, 100 ಮೀಟರ್ ಉದ್ದ. ನಡುವೆ ದಿಣ್ಣೆ, ಎರಡೂ ಕಡೆಗೆ 5 ಶೇಕಡಾ ಇಳಿಜಾರು. ಒಂದು ಬದಿಗೆ ಬಿದ್ದ ಮಳೆ ಮಾತ್ರ, ಇನ್ನೊಂದು ಬದಿಗೆ ಹೆಚ್ಚುವರಿ ನೀರು ಹಾಯಿಸಿ ಪರೀಕ್ಷೆ. ಮೇಲೆ ಹರಿದ ನೀರು, ಪದರದಲ್ಲಿ ಪಕ್ಕಕ್ಕೆ ಬಸಿದ ನೀರು, ತಳಕ್ಕಿಳಿದ ನೀರು, ಮಣ್ಣಿನ ತೇವ ಎಲ್ಲವನ್ನೂ ಬೇರೆಬೇರೆ ಅಳೆದರು.

ಆರರಲ್ಲಿ ಮೂರು ಗಮನಿಸಬೇಕಾದವು. ಮೊದಲನೆಯದು ಊರ ಕಸದ ಕನಿಷ್ಠ ನಿಯಮದ 60 ಸೆಂ.ಮೀ. ಮಣ್ಣು. ಎರಡನೆಯದು ಅಪಾಯಕಾರಿ ತ್ಯಾಜ್ಯಕ್ಕೆ ಬಳಸುವ ಒಂದೂವರೆ ಮೀಟರ್ ದಪ್ಪದ ಬಿಗಿ ಹೊದಿಕೆ: ನೀರಿಗೆ ಉಬ್ಬುವ ಬೆಂಟೊನೈಟ್ ಜೇಡಿ ಬೆರೆಸಿದ 60 ಸೆಂ.ಮೀ. ಪದರ, ಮೇಲೆ 1 ಮಿ.ಮೀ. ಪ್ಲಾಸ್ಟಿಕ್ ಹಾಳೆ, 30 ಸೆಂ.ಮೀ. ಮರಳು, 60 ಸೆಂ.ಮೀ. ಮಣ್ಣು. ಇಲ್ಲಿ ಒಂದು ಪ್ರಾಮಾಣಿಕ ಕೆಲಸ ಮಾಡಿದರು. ನಿಜವಾದ ಕೆಲಸದಲ್ಲಿ ಯಾವ ಹಾಳೆಯೂ ತೂತಿಲ್ಲದೆ ಕೂರುವುದಿಲ್ಲವಾದ್ದರಿಂದ, ಒಂದು ಚದರ ಸೆಂಟಿಮೀಟರಿನ ಎಂಟು ತೂತುಗಳನ್ನು ಬೇಕೆಂದೇ ಮಾಡಿದರು. ಮೂರನೆಯದು ಆ ಜಾಗದ್ದೇ ಮಣ್ಣಿನ 90 ಸೆಂ.ಮೀ. ಹೊದಿಕೆ, ಮೇಲೆ ಅಲ್ಲಿಯದೇ ಹುಲ್ಲು, ಗಾಳಿಗೆ ಮಣ್ಣು ಹಾರದಂತೆ ತೆಳುವಾಗಿ ಸಣ್ಣ ಜಲ್ಲಿ.

ಕನಿಷ್ಠ ನಿಯಮದ ತೆಳು ಮಣ್ಣು ಎಲ್ಲಕ್ಕಿಂತ ಹೆಚ್ಚು ಸೋರಿತು. ಬಿಗಿ ಹೊದಿಕೆಯೂ ಹುಲ್ಲಿನ ಹೊದಿಕೆಯೂ ಅತಿ ಕಡಿಮೆ ಸೋರಿದವುಗಳ ಸಾಲಿನಲ್ಲಿದ್ದವು. ಚದರ ಮೀಟರಿಗೆ ಬಿಗಿ ಹೊದಿಕೆಯ ಖರ್ಚು ಸುಮಾರು 157 ಡಾಲರ್, ಹುಲ್ಲಿನ ಹೊದಿಕೆಯದು ಸುಮಾರು 74. ಹುಲ್ಲಿನ ಹೊದಿಕೆಯನ್ನು ‘ಅಗ್ಗ’ ಎನ್ನುವುದು ಇದಕ್ಕೇ. ಆದರೆ ಅದಕ್ಕಿಂತ ಅಗ್ಗದ ಪಟ್ಟಿ ಇತ್ತು, ಚದರ ಮೀಟರಿಗೆ 51 ಡಾಲರಿನದು. ಅದೇ ನಿಯಮದ ಕನಿಷ್ಠ ಹೊದಿಕೆ, ಅದೇ ಸೋತದ್ದು.

ಆಲ್ಬುಕರ್ಕಿ ಒಂದೇ ಜಾಗ, ಒಂದೇ ಹವೆ. ಹಾಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 1998ರಲ್ಲಿ ಹಲವು ರಾಜ್ಯಗಳಲ್ಲಿ ಇಂಥ ಪರೀಕ್ಷೆ ಶುರುಮಾಡಿತು. ಮೊಂಟಾನಾದ ಚಳಿ, ಕ್ಯಾಲಿಫೋರ್ನಿಯಾದ ಮರುಭೂಮಿ, ಅಯೋವಾದ ಮಳೆ ಎಲ್ಲವೂ ಅದರಲ್ಲಿದ್ದವು. ಒಣ ಜಾಗಗಳಲ್ಲಿ ಮಣ್ಣಿನ ಹೊದಿಕೆ ಬಹುಮಟ್ಟಿಗೆ ಗೆದ್ದಿತು, ಮಳೆನಾಡಿನಲ್ಲಿ ಸೋತಿತು. ಅತಿ ಮುಖ್ಯ ಪಾಠ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಗಿಡ ಮಲಗಿರುವಾಗ. ಒಂದು ಮೀಟರ್ ಚಿಲ್ಲರೆ ದಪ್ಪದ ಹೊದಿಕೆ ಹತ್ತಾರು ಮಿಲಿಮೀಟರ್ ಸೋರಿತು. ಸುಮಾರು ಎರಡೂವರೆ ಮೀಟರಿನದು ಕೆಲವೇ ಮಿಲಿಮೀಟರ್. ವರ್ಷದ ಒಟ್ಟು ಮಳೆ ಎಷ್ಟು ಎಂಬುದಕ್ಕಿಂತ ಅದು ಯಾವ ತಿಂಗಳು ಬೀಳುತ್ತದೆ, ಆಗ ಹುಲ್ಲು ಹಸಿರಿರುತ್ತದೋ ಇಲ್ಲವೋ ಎಂಬುದೇ ದೊಡ್ಡ ಮಾತು.

ಅಳತೆಯ ತೊಟ್ಟಿ ಎಲ್ಲಿ ದಾರಿ ತಪ್ಪಿಸುತ್ತದೆ

ಈ ಅಳತೆಗೆ ಬಳಸುವುದು ಲೈಸಿಮೀಟರ್. ನೆಲದಲ್ಲಿ 10 ಮೀಟರ್ ಅಗಲ, 20 ಮೀಟರ್ ಉದ್ದದ ತೊಟ್ಟಿ ತೋಡಿ, ತಳಕ್ಕೂ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಬೆಸೆದು, ತಳದಲ್ಲಿ ನೀರು ಬಸಿಯುವ ಜಾಲರಿ ಹಾಸಿ, ಮೇಲೆ ನಿಜವಾದ ಹೊದಿಕೆಯನ್ನು ನಿಜವಾದ ಯಂತ್ರಗಳಿಂದಲೇ ಕಟ್ಟುತ್ತಾರೆ. ಬಸಿದ ನೀರು ಪೈಪಿನಲ್ಲಿ ಬಂದು ಅಳತೆಯ ಬಟ್ಟಲಿಗೆ ಬೀಳುತ್ತದೆ. ವರ್ಷಕ್ಕೆ ಒಂದು ಮಿ.ಮೀ.ಗಿಂತ ಕಡಿಮೆ ಸೋರಿಕೆಯನ್ನೂ ಹಿಡಿಯುವಷ್ಟು ಸೂಕ್ಷ್ಮ ಇದು.

ತಳದ ಜಾಲರಿಯೇ ದೊಡ್ಡ ರಂಧ್ರಗಳ ಪದರ. ಮೇಲೆ ಹೇಳಿದ ಜಲ್ಲಿಯ ಹಾಗೆ ಅದೂ ನೀರನ್ನು ಗಡಿಯಲ್ಲಿ ತಡೆದು ನಿಲ್ಲಿಸುತ್ತದೆ. ನಿಜವಾದ ಲ್ಯಾಂಡ್‌ಫಿಲ್‌ನಲ್ಲಿ ಕೆಳಗೆ ಕಸವಿದೆ, ಜಾಲರಿಯಿಲ್ಲ. ಹಾಗಾಗಿ ತೊಟ್ಟಿ ತೋರಿಸುವ ಸೋರಿಕೆ ನಿಜಕ್ಕಿಂತ ಕಡಿಮೆ ಬರಬಹುದು. ಬೇರುಗಳು ಜಾಲರಿಗೆ ಇಳಿದು ಅಲ್ಲಿ ನಿಂತ ನೀರನ್ನು ಕುಡಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ಬೇರು ತಡೆಯುವ ಔಷಧಿಯಿರುವ ಬಟ್ಟೆಯನ್ನು ನಡುವೆ ಹಾಸುತ್ತಾರೆ. ಅಂಚಿನಲ್ಲಿ ಮಣ್ಣು ಹಾಳೆಗೆ ಸರಿಯಾಗಿ ಅಂಟದೆ ಸಂದು ಬಿಟ್ಟರೆ ಸೋರಿಕೆ ಸುಮ್ಮನೆ ಹೆಚ್ಚು ಕಾಣುತ್ತದೆ. ಚಿಕ್ಕ ಡ್ರಮ್ಮಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬದಿರುವುದು ಇದಕ್ಕೇ.

ಕಾಲವೂ ಮುಖ್ಯ. ಹೊಸ ಮಣ್ಣು ಹೊಸದಾಗಿಯೇ ಉಳಿಯುವುದಿಲ್ಲ: ಬೇರು, ಇರುವೆ, ಒಣಗುವುದು, ನೆನೆಯುವುದು, ಕೆಲವು ಕಡೆ ಹಿಮ. ಐದರಿಂದ ಹತ್ತು ವರ್ಷ ಕಳೆದ ಮೇಲೆ ಈ ಪಟ್ಟಿಗಳನ್ನು ಅಗೆದು ನೋಡಿದ ವಿವರವನ್ನು ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2011ರಲ್ಲಿ ಪ್ರಕಟಿಸಿತು. ಕಟ್ಟುವಾಗ ಎಷ್ಟೇ ಬಿಗಿಯಿದ್ದ ಮಣ್ಣೂ ಸಡಿಲಾಗಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತಿದ್ದವು. ಕಟ್ಟಿದ ವಾರದಲ್ಲಿ ತೆಗೆದ ಪ್ರಯೋಗಾಲಯದ ಸರ್ಟಿಫಿಕೇಟು ಹತ್ತು ವರ್ಷದ ನಂತರದ ಹೊದಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೂರು ಸಾಧಾರಣ ವರ್ಷಗಳ ಸೊನ್ನೆ ಸೋರಿಕೆಯನ್ನೂ ಒಪ್ಪಬಾರದು. ಯೂಟಾದ ಮಾಂಟಿಸೆಲೋದಲ್ಲಿ ಯುರೇನಿಯಂ ತ್ಯಾಜ್ಯದ ಮೇಲಿನ ಹೊದಿಕೆ ವರ್ಷಗಟ್ಟಲೆ ಸೋರದೆ ಇದ್ದು, 2004-05ರ ಒದ್ದೆ ಚಳಿಗಾಲ ಮುಗಿದಾಗ ಕೆಲವು ಮಿಲಿಮೀಟರ್ ಬಿಟ್ಟುಕೊಟ್ಟಿತು. ಅಂಥ ವರ್ಷ ಬರುವವರೆಗೆ ಕಾಯಲಾಗದಿದ್ದರೆ ನಾವೇ ತರಿಸಬೇಕು. ವಾಷಿಂಗ್ಟನ್ ರಾಜ್ಯದ ಪರಮಾಣು ನೆಲೆ ಹ್ಯಾನ್‌ಫರ್ಡ್‌ನಲ್ಲಿ 1994ರಲ್ಲಿ ಕಟ್ಟಿದ ಹೊದಿಕೆಗೆ ವಾಡಿಕೆ ಮಳೆಯ ಸುಮಾರು ಮೂರರಷ್ಟು ನೀರು ಹಾಯಿಸಿ ನೋಡಿದರು. 2008ರಲ್ಲಿ ಅದರ ಗಿಡಗಂಟಿಗೆ ಬೇಕೆಂದೇ ಬೆಂಕಿಯನ್ನೂ ಇಟ್ಟರು, ಹಸಿರು ಸುಟ್ಟುಹೋದರೆ ನೀರಿನ ಲೆಕ್ಕ ಏನಾಗುತ್ತದೆಂದು ತಿಳಿಯಲು. ಪರೀಕ್ಷೆ ಎಂದರೆ ಹೀಗಿರಬೇಕು.

ಪ್ಲಾಸ್ಟಿಕ್ ಪರ ಇರುವವರ ಮಾತು

ಹಾಳೆ ಬೇಕೇಬೇಕು ಎನ್ನುವವರ ವಾದ ಹಗುರವಾದದ್ದಲ್ಲ. ಅದೇ ಪರೀಕ್ಷೆಗಳಲ್ಲಿ ಜಿಯೋಮೆಂಬ್ರೇನ್ (ಇದೇ ಪ್ಲಾಸ್ಟಿಕ್ ಹಾಳೆ) ಇದ್ದ ಹೊದಿಕೆಗಳು ಮಳೆನಾಡಿನಲ್ಲೂ ಒಣನಾಡಿನಲ್ಲೂ ಚೆನ್ನಾಗಿ ನಡೆದವು. ಊರ ಕಸ ಮೀಥೇನ್ ಬಿಡುತ್ತದೆ; ಹಾಳೆ ಅದನ್ನು ಹಿಡಿದು ಪೈಪಿಗೆ ಕಳಿಸಲು ಅನುಕೂಲ. ಮಣ್ಣಿನಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳಿದ್ದರೂ ಹೊಸ ಕಸದ ಅನಿಲದ ರಭಸಕ್ಕೆ ಅವು ಸಾಲುವುದಿಲ್ಲ. ಜೊತೆಗೆ ಅನಿಲ ಬೇರಿನ ಆಮ್ಲಜನಕವನ್ನು ಹೊರದೂಡಿ ಗಿಡವನ್ನೇ ಸಾಯಿಸುತ್ತದೆ, ಗಿಡ ಸತ್ತರೆ ಮಣ್ಣಿನ ಹೊದಿಕೆಯ ಅರ್ಧ ಕೆಲಸ ನಿಲ್ಲುತ್ತದೆ.

ಎದುರು ವಾದಕ್ಕೂ ತೂಕವಿದೆ. ಕಸ ಕುಸಿಯುತ್ತಾ ಹೋಗುತ್ತದೆ. ಮಣ್ಣು ಕುಸಿದರೆ ಟಿಪ್ಪರ್ ತಂದು ತುಂಬಬಹುದು. ಹಾಳೆ ಹರಿದದ್ದು ಕಣ್ಣಿಗೇ ಕಾಣುವುದಿಲ್ಲ. ಇಳಿಜಾರಿನಲ್ಲಿ ಹಾಳೆಯ ಮೇಲಿನ ಬಸಿಯುವ ಪದರ ಕಟ್ಟಿಕೊಂಡರೆ ಮೇಲಿನ ಮಣ್ಣು ಪೂರ್ತಿ ಜಾರಿ ಬರುವ ಅಪಾಯವೂ ಇದೆ.

ನನ್ನ ನಿಲುವು ಇದು: ಹೊಸ ಕಸದ, ಅನಿಲ ಜೋರಾಗಿರುವ ಲ್ಯಾಂಡ್‌ಫಿಲ್‌ಗೆ ಒಣನಾಡಿನಲ್ಲೂ ಹಾಳೆಯನ್ನು ಬಿಡಬಾರದು. ಹಳೆಯ, ಅನಿಲ ಇಳಿದಿರುವ ಗುಂಡಿಗೆ ಅಳತೆಯಲ್ಲಿ ಗೆದ್ದ ಮಣ್ಣಿನ ಹೊದಿಕೆ ಸಾಕು. ಬರೀ ಜೇಡಿಯ ಹೊದಿಕೆಯನ್ನು ಒಣನಾಡಿನಲ್ಲಿ ಎಲ್ಲಿಯೂ ಸಮರ್ಥಿಸಲಾಗುವುದಿಲ್ಲ.

ಕಟ್ಟುವಾಗ ಕೆಡುವುದು

ಮಣ್ಣಿನ ಹೊದಿಕೆ ಕೆಡುವುದು ಹೆಚ್ಚಾಗಿ ರಸ್ತೆ ಮಾಡುವವರ ಕೈಯಲ್ಲಿ. ಅವರಿಗೆ ಗಟ್ಟಿ ಮಾಡಿದಷ್ಟೂ ಒಳ್ಳೆಯದು. ಇಲ್ಲಿ, ಮಣ್ಣು ಎಷ್ಟು ಗಟ್ಟಿಯಾಗಬಲ್ಲದೆಂದು ಅಳೆಯುವ ಪ್ರಾಕ್ಟರ್ ಪರೀಕ್ಷೆಯ ಗರಿಷ್ಠ ಸಾಂದ್ರತೆಯ 80ರಿಂದ 90 ಶೇಕಡಾಗೆ ನಿಲ್ಲಿಸಬೇಕು, ಅದೂ ಮಣ್ಣು ತುಸು ಒಣಗಿರುವಾಗ. ಹೆಚ್ಚು ಗಟ್ಟಿಯಾದರೆ ಬೇರು ಇಳಿಯುವುದಿಲ್ಲ, ನೀರು ಹಿಡಿಯುವ ರಂಧ್ರವೂ ಕಡಿಮೆ. ಟಿಪ್ಪರ್ ಓಡಾಡಿದ ಜಾಡು ಕಲ್ಲಾಗಿರುತ್ತದೆ, ಅದನ್ನು ಆಳವಾಗಿ ಸೀಳಿ ಸಡಿಲಿಸದೆ ಮೇಲಿನ ಪದರ ಹಾಕಬಾರದು. ಗುತ್ತಿಗೆದಾರ ಅರ್ಧ ಕೆಲಸವಾದ ಮೇಲೆ ಬೇರೆ ಕಡೆಯಿಂದ ಮಣ್ಣು ತಂದರೆ ಲೆಕ್ಕವೆಲ್ಲ ಬುಡಮೇಲು. ಪರೀಕ್ಷೆ ಮಾಡಿದ ಮಣ್ಣೇ ಬರುತ್ತಿದೆಯೇ ಎಂದು ಲೋಡಿಗೆ ಲೋಡು ನೋಡುವವರು ಬೇಕು.

ಮಣ್ಣು ಎಲ್ಲಿಂದ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಒಂದು ಹೆಕ್ಟೇರಿಗೆ ಒಂದು ಮೀಟರ್ ಎಂದರೆ 10,000 ಘನ ಮೀಟರ್, ಹತ್ತು ಘನ ಮೀಟರಿನ ಟಿಪ್ಪರ್‌ನಲ್ಲಿ ಕಡಿಮೆಯೆಂದರೂ ಸಾವಿರ ಲೋಡು. ಸಮೀಪದಲ್ಲಿ ಮಣ್ಣಿಲ್ಲದಿದ್ದರೆ ‘ಅಗ್ಗ’ ಎಂಬ ಮಾತೇ ಉಳಿಯುವುದಿಲ್ಲ. ಕೆರೆ ಹೂಳು ಅಥವಾ ಹೊಲದ ಮೇಲ್ಮಣ್ಣಿನ ಮೇಲೆ ಕಣ್ಣು ಬೀಳುವುದೂ ಆಗಲೇ.

ನಮ್ಮ ಒಣ ಜಿಲ್ಲೆಗಳಿಗೆ

ಮಂಗಳೂರಿನಂತೆ ವರ್ಷಕ್ಕೆ 3500 ಮಿ.ಮೀ. ಮಳೆಯಾಗುವ ಕಡೆ ಈ ಚರ್ಚೆಯೇ ಬೇಡ. ಅಲ್ಲಿ ಹಾಳೆ ಬೇಕು. ಪ್ರಶ್ನೆ ಇರುವುದು ಚಿತ್ರದುರ್ಗ, ವಿಜಯಪುರ, ರಾಯಚೂರು, ಕೊಪ್ಪಳದ ಕಡೆಗೆ. ಹಲವು ತಾಲೂಕುಗಳಲ್ಲಿ ಮಳೆ 500ರಿಂದ 600 ಮಿ.ಮೀ. ಆಸುಪಾಸು, ಬಿಸಿಲು ಎಳೆಯಬಲ್ಲ ನೀರು 1500 ಮಿ.ಮೀ. ಮೀರುತ್ತದೆ.

ಎರೆಮಣ್ಣನ್ನು ರೋಲರ್ ಹೊಡೆದು ಪ್ರಯೋಗಾಲಯಕ್ಕೆ ಕಳಿಸಿದರೆ ಕೋಟಿಯಲ್ಲಿ ಒಂದು ಭಾಗದ ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ. ಏಪ್ರಿಲ್‌ನಲ್ಲಿ ಅದೇ ಮಣ್ಣು ಅರ್ಧ ಮೀಟರಿಗೂ ಆಳಕ್ಕೆ ಬಿರಿಯುವುದು ಅಲ್ಲಿಯ ರೈತರಿಗೆಲ್ಲ ಗೊತ್ತು. ನಿಯಮದ ಜೇಡಿ ಪದರ ಶುರುವಾಗುವುದು ಮೇಲಿನಿಂದ 60 ಸೆಂ.ಮೀ. ಕೆಳಗೆ, ಬೇರು ಸುಲಭವಾಗಿ ಮುಟ್ಟುವ ಆಳ. ಜೂನಿನ ಮೊದಲ ದೊಡ್ಡ ಮಳೆ ಆ ಬಿರುಕುಗಳಲ್ಲಿ ನೇರ ಕಸಕ್ಕೆ ಇಳಿಯುತ್ತದೆ.

ಇನ್ನೊಂದು ಕಡೆ, ಮಣ್ಣು ಹಿಡಿದಿಟ್ಟು ಬಿಡುತ್ತದೆ ಎಂಬುದಕ್ಕೆ ಇದೇ ಸೀಮೆಯ ಹಿಂಗಾರಿ ಜೋಳ ಸಾಕ್ಷಿ. ಸೆಪ್ಟೆಂಬರ್-ಅಕ್ಟೋಬರ್‌ನ ತೇವದ ಮೇಲೆ ಬಿತ್ತಿದ ಬೆಳೆ ಬಹುತೇಕ ಮಳೆಯಿಲ್ಲದೆ ಸಂಕ್ರಾಂತಿ ದಾಟುತ್ತದೆ, ಮೀಟರ್ ಆಳದ ನೀರನ್ನು ಹೀರಿಕೊಂಡು. ಮಳೆಯೂ ಹುಲ್ಲಿನ ಬೆಳವಣಿಗೆಯೂ ಒಟ್ಟಿಗೇ ಬರುವುದರಿಂದ ಸ್ಯಾಕ್ರಮೆಂಟೋದ ತೊಡಕು ನಮಗೆ ಅಷ್ಟಿಲ್ಲ. ನಮ್ಮ ತೊಡಕುಗಳು ಬೇರೆ. ಒಂದೇ ದಿನ 100 ಮಿ.ಮೀ. ಸುರಿದರೆ ಇಳಿಜಾರಿನ ಮಣ್ಣು ಕೊರೆದು ಹೋಗುತ್ತದೆ. ಬೇಲಿಯಿಲ್ಲದ ಹಸಿರಿನ ಮೇಲೆ ಕುರಿ, ದನ ಬರದೇ ಇರುವುದಿಲ್ಲ; ಹುಲ್ಲು ಬೋಳಾದರೆ ನೀರು ಎಳೆಯುವವರಿಲ್ಲ. ಬರೀ ಎರೆಯಾದರೆ ಬಿರುಕು, ಬರೀ ಕೆಂಪು ಮರಳುಮಣ್ಣಾದರೆ ತೇವ ನಿಲ್ಲದು. ಎರಡನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ಬಿರಿಯದೆ ತೇವ ಹಿಡಿಯುತ್ತದೆ ಎಂಬುದನ್ನು ಆಯಾ ಜಾಗದ ಮಣ್ಣಿನಲ್ಲಿ ಕಟ್ಟಿ ನೋಡಿಯೇ ತಿಳಿಯಬೇಕು.

ಹಾಗೆ ನೋಡಲು ಬೇಕಾದದ್ದು ದೊಡ್ಡದೇನಲ್ಲ: 10 ಮೀಟರ್ ಅಗಲ 20 ಮೀಟರ್ ಉದ್ದದ ಎರಡು ತೊಟ್ಟಿ, ಒಂದರಲ್ಲಿ ನಿಯಮದ ಜೇಡಿ ಹೊದಿಕೆ, ಇನ್ನೊಂದರಲ್ಲಿ ಬೆರೆಸಿದ ಮಣ್ಣು, ಪಕ್ಕದಲ್ಲಿ ಮಳೆಮಾಪಕ, ಸುತ್ತ ಬೇಲಿ, ಕನಿಷ್ಠ ಐದು ಮುಂಗಾರಿನ ಅಳತೆ, ನಡುವೆ ಒಂದು ವರ್ಷ ನೀರು ಹಾಯಿಸಿ ಅತಿವೃಷ್ಟಿಯ ಪರೀಕ್ಷೆ. ಗೆಲ್ಲುವ ಗೆರೆಯನ್ನು ಮೊದಲೇ ಬರೆದಿಡಬೇಕು. ಕೊಲರಾಡೋದ ಹಳೇ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ರಾಕಿ ಮೌಂಟನ್ ಆರ್ಸೆನಲ್‌ನಲ್ಲಿ ಅದನ್ನು ವರ್ಷಕ್ಕೆ 1.3 ಮಿ.ಮೀ. ಸೋರಿಕೆ ಎಂದು ಇಟ್ಟಿದ್ದರು. ಲ್ಯಾಂಡ್‌ಫಿಲ್ ತುಂಬಲು ವರ್ಷಗಳು ಹಿಡಿಯುತ್ತವೆ. ಮೊದಲ ಲಾರಿ ಕಸ ಬೀಳುವ ವರ್ಷವೇ ತೊಟ್ಟಿ ಕಟ್ಟಿದರೆ ಮುಚ್ಚುವ ಟೆಂಡರ್ ಕರೆಯುವ ಹೊತ್ತಿಗೆ ಅಂಕಿ ಕೈಯಲ್ಲಿರುತ್ತದೆ. ಮುಚ್ಚುವ ವರ್ಷ ಶುರುಮಾಡಿದರೆ ಐದು ಮಳೆಗಾಲದ ನೀರು ತೆರೆದ ಕಸಕ್ಕೇ ಇಳಿದಿರುತ್ತದೆ.